ಒಂಬತ್ತು ಅಂಕಿಯ ಹಲಗೆ

ಕುರುಗೋಡಿನ ದೊಡ್ಡಬಸವರಾಜ ಮೇಷ್ಟ್ರನ್ನು ಯಾರೋ ಕೊಂದರು ಎಂಬ ಸುದ್ದಿ ಬಂದಾಗ ಕೊಟ್ಟೂರಪ್ಪ ಅದನ್ನು ನಂಬಲಿಲ್ಲ. ತೀರಿಕೊಂಡರು ಅಂದಿದ್ದರೆ ನಂಬುತ್ತಿದ್ದ. ಎಂಬತ್ತೆರಡರ ಜೀವ, ಇವತ್ತೋ ನಾಳೆಯೋ ಎನ್ನುವಂಥದ್ದು. ಆದರೆ ಇರುವೆ ಸಾಲು ಕಂಡರೆ ಸುತ್ತು ಹಾಕಿ ನಡೆಯುತ್ತಿದ್ದ ಮನುಷ್ಯನ ಮೇಲೆ ಕೈ ಎತ್ತುವವರು ಈ ಸೀಮೆಯಲ್ಲಿ ಹುಟ್ಟಿದ್ದಾರೆ ಅಂದರೆ ಅವನ ಬುದ್ಧಿ ಒಪ್ಪಲಿಲ್ಲ. ಎರಡು ದಿನ ಅವನಿಗೆ ಊಟ ಸೇರಲಿಲ್ಲ.

ಮೂರನೆಯ ದಿನ, ಗುರುವಾರ ಬೆಳಿಗ್ಗೆ, ಅವನು ಬಳ್ಳಾರಿಯ ಗಾಂಧಿನಗರದಲ್ಲಿ ಚನ್ನವೀರಮ್ಮನವರ ಕಾರು ಒರೆಸುತ್ತಿದ್ದಾಗ ಹೆಂಗಸೊಬ್ಬಳು ಗೇಟಿನ ಮುಂದೆ ಬಂದು ನಿಂತಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮೊದಲ ಬಸ್ಸಿಗೆ ಕುರುಗೋಡಿನಿಂದ ಬಂದಿದ್ದಳು. ಹೆಸರು ಜ್ಯೋತಿಲಕ್ಷ್ಮಿ, ಮೇಷ್ಟ್ರ ಮನೆಗೆ ಹಾಲು ಹಾಕುತ್ತಿದ್ದ ಹುಲುಗೇಶನ ಹೆಂಡತಿ. ಪೊಲೀಸರು ಹುಲುಗೇಶನನ್ನೇ ಹಿಡಿದು ಕೂಡಿಸಿದ್ದರು.

ಚನ್ನವೀರಮ್ಮ ಪೊಲೀಸು ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾಗಿ ಐದು ವರ್ಷವಾಗಿತ್ತು. ಆದರೂ ಬಗೆಹರಿಯದ ಸಂಗತಿ ಇದ್ದವರು ಅವರ ಮನೆಯ ದಾರಿ ಮರೆತಿರಲಿಲ್ಲ. ಕೊಟ್ಟೂರಪ್ಪ ಅವರ ಜೀಪನ್ನು ಇಪ್ಪತ್ತೆರಡು ವರ್ಷ ಓಡಿಸಿದವನು. ರೂಪನಗುಡಿಯ ಸಾಲೆಯಲ್ಲಿ ಎರಡನೇ ಕ್ಲಾಸಿಗೇ ಓದು ಮುಗಿಸಿದ್ದ. ಮಾತು ಕಡಿಮೆ. ಆದರೆ ಒಮ್ಮೆ ಕಂಡದ್ದು, ಒಮ್ಮೆ ಕೇಳಿದ್ದು ಅವನ ತಲೆಯಿಂದ ಹೊರಗೆ ಹೋಗುತ್ತಿರಲಿಲ್ಲ. ಇಬ್ಬರೂ ಮುದುಕರಾದ ಮೇಲೂ ಅವನು ಅವರನ್ನು ಬಿಟ್ಟಿರಲಿಲ್ಲ.

ಜ್ಯೋತಿಲಕ್ಷ್ಮಿ ಅಳಲಿಲ್ಲ. ಅಳು ಮುಗಿದು ಹೋದವಳ ಹಾಗೆ ಕೂತು ನಡೆದದ್ದನ್ನು ಹೇಳಿದಳು. ಮಂಗಳವಾರ ಬೆಳಿಗ್ಗೆ ಆರೂವರೆಗೆ ಹುಲುಗೇಶ ಹಾಲಿನ ಕ್ಯಾನು ಹಿಡಿದು ಮೇಷ್ಟ್ರ ಮನೆಗೆ ಹೋದ. ಬಾಗಿಲು ತೆರೆದಿತ್ತು. ಒಳಗೆ ಪಡಸಾಲೆಯ ಕಲ್ಲುಕಂಬದ ಬುಡದಲ್ಲಿ ಮೇಷ್ಟ್ರು ಬಿದ್ದಿದ್ದರು, ತಲೆ ಒಡೆದಿತ್ತು. ಇವನು ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡು ಕರೆದ. ಉಸಿರಿಲ್ಲ ಎಂದು ಗೊತ್ತಾದಾಗ ಹೆದರಿ ಬೀದಿಗೆ ಓಡಿ ಬಂದ. ಅಂಗಿಗೆ ರಕ್ತ ಹತ್ತಿತ್ತು, ಬೀದಿಯವರೆಲ್ಲ ನೋಡಿದರು.

“ಹಿಂದಿನ ದಿನ ಅವರಿಬ್ರ ನಡುವ ಮಾತಿಗೆ ಮಾತು ಆಗಿತ್ತಂತ?” ಎಂದರು ಚನ್ನವೀರಮ್ಮ.

“ಆಗಿತ್ತರಿ ಅಮ್ಮಾರ. ಮಗಳ ಸಾಲಿ ಬಿಡಿಸಿದ್ದಕ್ಕ ಮೇಷ್ಟ್ರು ಬಸ್‌ಸ್ಟ್ಯಾಂಡಿನ್ಯಾಗ ಎಲ್ಲರ ಎದುರಿಗೆ ಬೈದ್ರು. ಇವನೂ ಸಿಟ್ಟಿನ್ಯಾಗ, ನಿಮ್ಮ ಲೆಕ್ಕ ನಿಮ್ಮ ಹಲಗಿ ಮ್ಯಾಲ ಇಟ್ಕೋರಿ ಅಂದ. ಅಂದು ಮನಿಗೆ ಬಂದು ಮುಖಾ ಮುಚ್ಚಿಕೊಂಡು ಕುಂತ. ಇವನಿಗೆ ಅಂಕಿ ಕಲಿಸಿದವ್ರೇ ಅವ್ರು. ಬೈದಾನು, ಹೊಡಿಯಾಕ ಕೈ ಬರತೈತೇನ್ರಿ?”

ಚನ್ನವೀರಮ್ಮ ಚಪ್ಪಲಿ ಮೆಟ್ಟಿಕೊಂಡು ಕಾರಿನ ಬಳಿಗೆ ನಡೆದರು.

ಕುರುಗೋಡಿನ ದಾರಿಯಲ್ಲಿ ಕೊಟ್ಟೂರಪ್ಪನಿಗೆ ಆ ಹಲಗೆ ಕಣ್ಣ ಮುಂದೆ ಬರುತ್ತಲೇ ಇತ್ತು. ಮೇಷ್ಟ್ರು ಲೆಕ್ಕ ಕಲಿಸುತ್ತಿದ್ದವರು. ನಿವೃತ್ತರಾದಂದಿನಿಂದ ತಮ್ಮ ಜಗುಲಿಯ ಮೇಲೆ ಒಂದು ಕರಿ ಹಲಗೆ ಇಟ್ಟಿದ್ದರು. ಅದರ ಮೇಲೆ ದಿನವೂ ಒಂದೇ ಸಂಖ್ಯೆ: ಇಪ್ಪತ್ತಮೂರು ಕೋಟಿ ಇಪ್ಪತ್ತೇಳು ಲಕ್ಷ ತೊಂಬತ್ತೆರಡು ಸಾವಿರದ ಐದುನೂರ ಅರವತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಒರೆಸುವರು. ನಸುಕಿನಲ್ಲಿ ಹಂಡೆಯ ನೀರು ಕಾಯಿಸಿ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ವಿಭೂತಿ ಧರಿಸಿ, ಆ ದಿನದ ತಾರೀಖು ಹಾಕಿ ಅದನ್ನೇ ಮತ್ತೆ ಬರೆಯುವರು. ಸ್ನಾನವಾಗದೆ ಸೀಮೆಸುಣ್ಣ ಮುಟ್ಟಿದವರಲ್ಲ. ಹಲಗೆ ತುಂಬಿದ್ದರೆ ಮೇಷ್ಟ್ರು ಎದ್ದಿದ್ದಾರೆ ಎಂದು ಓಣಿಗೆ ಗೊತ್ತಾಗುತ್ತಿತ್ತು.

ಆ ಸಂಖ್ಯೆಯ ಹೆಚ್ಚುಗಾರಿಕೆ ಏನೆಂದರೆ, ಒಂದರಿಂದ ಇಪ್ಪತ್ತರವರೆಗೆ ಯಾವುದರಿಂದ ಭಾಗಿಸಿದರೂ ಏನೂ ಉಳಿಯುವುದಿಲ್ಲ. ಅಂಥ ಸಂಖ್ಯೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಅದೇ. ಸಂತೆಗೆ ಬಂದವರು, ಬಸ್ಸು ತಪ್ಪಿಸಿಕೊಂಡವರು ಜಗುಲಿಗೆ ಬಂದು ಕೂತರೆ ಮೇಷ್ಟ್ರು ಕೇಳುವರು, ‘ನಿನಗ ಬೇಕಾದ ಅಂಕಿ ಹೇಳು, ಭಾಗಿಸಿ ತೋರಸ್ತೀನಿ.’ ಇಪ್ಪತ್ತೊಂದು, ಇಪ್ಪತ್ತೆರಡು ಕರೆಯದೆ ಬಂದ ನೆಂಟರು, ಅವರಿಗೂ ಇಲ್ಲಿ ಎಲೆ ಹಾಕಿದೆ. ಇಪ್ಪತ್ತಮೂರು ಬಂದರೆ ಬಾಗಿಲು ಹಾಕಿದೆ, ಶೇಷ ಉಳಿಯುತ್ತದೆ ಎಂದು ನಗುವರು. ಬಂದೋಬಸ್ತಿಗೆ ಹೋದಾಗಲೆಲ್ಲ ಜೀಪು ಬೇವಿನ ನೆರಳಿಗೆ ಹಚ್ಚಿ ಕೊಟ್ಟೂರಪ್ಪ ಆ ಜಗುಲಿಯಲ್ಲಿ ಕೂರುತ್ತಿದ್ದ. ಎರಡನೇ ಕ್ಲಾಸಿನವನು ಎಂದು ಅವನನ್ನು ಅವರು ಒಂದು ದಿನವೂ ಕಡೆಗಣಿಸಲಿಲ್ಲ.

ಪಿಎಸ್‌ಐ ಎರ್ರಿಸ್ವಾಮಿ ಮೇಷ್ಟ್ರ ಮನೆಯ ಮುಂದೆಯೇ ಸಿಕ್ಕ. ಒಂದು ಕಾಲಕ್ಕೆ ಚನ್ನವೀರಮ್ಮನವರ ಕೈಕೆಳಗೆ ಇದ್ದವನು, ಪ್ರಾಮಾಣಿಕ. ಅವರಿಗೆ ಕುರ್ಚಿ ಹಾಕಿಸಿ ತಾನು ನಿಂತೇ ವಿವರ ಹೇಳಿದ. ಯಾರೋ ತಳ್ಳಿದ್ದಾರೆ, ತಲೆ ಕಂಬಕ್ಕೆ ಬಡಿದಿದೆ. ಈ ಬಿಸಿಲಿನಲ್ಲಿ ಸಾವಿನ ಹೊತ್ತು ಖಚಿತವಾಗಿ ಹೇಳಲಾಗದು, ರಾತ್ರಿಯಿಂದ ಬೆಳಗಿನ ತನಕ ಯಾವಾಗಾದರೂ ಇರಬಹುದು ಎಂದು ವೈದ್ಯರು ಬರೆದಿದ್ದಾರೆ. ಆದರೆ ಹಲಗೆಯ ಮೇಲೆ ಮಂಗಳವಾರದ ತಾರೀಖು, ಸಂಖ್ಯೆ ಎರಡೂ ಇವೆ. ಅಂದರೆ ಮೇಷ್ಟ್ರು ನಸುಕಿನಲ್ಲಿ ಎದ್ದು ಬರೆದಿದ್ದಾರೆ. ಆರು ಗಂಟೆಯಿಂದ ಎದುರು ಮನೆಯ ಗುರುಬಸಮ್ಮ ಅಂಗಳದಲ್ಲೇ ಇದ್ದಳು. ಹುಲುಗೇಶನ ಹೊರತು ಯಾರೂ ಒಳಗೆ ಹೋಗಲಿಲ್ಲ.

“ಹಲಗಿ ಬರೆದವ್ರು ಮೇಷ್ಟ್ರೇ ಅಂತ ಹೆಂಗ ಹೇಳ್ತಿ?” ಎಂದರು ಚನ್ನವೀರಮ್ಮ.

“ಏಳರ ನಡು ಗೀಟು ನೋಡ್ರಿ ಮೇಡಂ. ಅದು ಅವರ ಕೈ. ನಾನೂ ಸುಮ್ನ ಬಿಟ್ಟಿಲ್ಲ, ಅಂಕಿ ಎಲ್ಲಾ ಕೂಡಿಸಿ ನೋಡೀನಿ. ಮೂವತ್ತಾರು ಬಂತು. ಮೇಷ್ಟ್ರ ಅಂಕಿ ಕೂಡಿದ್ರ ಮೂವತ್ತಾರು ಅಂತ ಕುರುಗೋಡಿನ್ಯಾಗ ಸಣ್ಣ ಹುಡುಗರಿಗೂ ಗೊತ್ತೈತಿ.”

ಹಲಗೆಗೆ ಹೊದಿಸಿದ್ದ ಬಟ್ಟೆಯನ್ನು ಅವನು ಸರಿಸಿದ. ಬಿಳಿ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಿತ್ತು: 232972560.

ಕೊಟ್ಟೂರಪ್ಪ ಅದನ್ನು ನೋಡಿದ. ಪರಿಚಯದವರ ಮನೆಯ ಸಾಮಾನು ಯಾರೋ ಅದಲು ಬದಲು ಮಾಡಿ ಇಟ್ಟ ಹಾಗೆ ಅನ್ನಿಸಿತು. ಏನೆಂದು ಬಾಯಿಗೆ ಬರಲಿಲ್ಲ. ಅಧಿಕಾರಿಗಳು ಮಾತಾಡುವಾಗ ನಡುವೆ ಬಾಯಿ ಹಾಕುವ ಅಭ್ಯಾಸವೂ ಅವನಿಗಿರಲಿಲ್ಲ.

ಗುರುಬಸಮ್ಮ ಬಂದು ಕಟ್ಟೆಗೆ ಒರಗಿ ಕೂತಳು. ಚನ್ನವೀರಮ್ಮ ಕೊಲೆಯ ಮಾತು ಎತ್ತಲೇ ಇಲ್ಲ. ಮೇಷ್ಟ್ರ ಊಟ, ನಿದ್ದೆ, ಸ್ನಾನದ ನೀರು ಕಾಯಿಸುತ್ತಿದ್ದವರು ಯಾರು ಎಂದು ಕೇಳಿದರು. ಅವರೇ ಕಾಯಿಸಿಕೊಳ್ಳುತ್ತಿದ್ದರು ಎಂದಳು ಗುರುಬಸಮ್ಮ. ಮೆಣಸಿನಕಾಯಿ ಗಿಡದ ಒಣಕಟ್ಟಿಗೆ ಉರಿಸಿದರೆ ಹೊಗೆಗೆ ಇಡೀ ಓಣಿ ಸೀನುತ್ತಿತ್ತು, ಎಷ್ಟು ಸಲ ಹೇಳಿದರೂ ಮೇಷ್ಟ್ರು ಕೇಳುತ್ತಿರಲಿಲ್ಲ.

“ಮಂಗಳವಾರ ಸೀನಿದ್ರೇನು?”

ಗುರುಬಸಮ್ಮ ಇಲ್ಲ ಎಂದು ತಲೆಯಾಡಿಸಿದಳು.

ಸೋಮವಾರ ಸಂಜೆ ಮೇಷ್ಟ್ರ ಮನೆಗೆ ಯಾರಾದರೂ ಬಂದಿದ್ದರೇ ಎಂದರೆ, ಬಂದಿದ್ದರೂ ನೋಡುವವರು ಇರಲಿಲ್ಲ ಎಂದಳು. ಸೋಮವಾರ ರಾತ್ರಿ ಹತ್ತರವರೆಗೆ ಬಸವೇಶ್ವರನ ಗುಡಿಯಲ್ಲಿ ಭಜನೆ. ಓಣಿಗೆ ಓಣಿಯೇ ಅಲ್ಲಿರುತ್ತದೆ. ಮೇಷ್ಟ್ರು ಮೊಣಕಾಲು ನೋವಿನಿಂದ ಹೋಗುವುದು ಬಿಟ್ಟಿದ್ದರು.

ಒಳಗೆ ಮಂಚದ ಕೆಳಗೊಂದು ತಗಡಿನ ಪೆಟ್ಟಿಗೆ ಇತ್ತು, ಬರಿದಾಗಿತ್ತು. ಅದರ ತುಂಬ ಮೇಷ್ಟ್ರ ನೋಟುಬುಕ್ಕುಗಳಿದ್ದವು, ನಲವತ್ತು ವರ್ಷ ಆ ಒಂದು ಸಂಖ್ಯೆಯ ಗುಣಗಳನ್ನೇ ಬರೆದದ್ದು, ಎಂದಳು ಗುರುಬಸಮ್ಮ. ಪುಸ್ತಕ ಮಾಡಿಸುತ್ತೇನೆ ಎಂದು ಪಂಪಾಪತಿ ಎರಡು ವರ್ಷದ ಕೆಳಗೆ ಒಯ್ದಿದ್ದಾನೆ. ಪಂಪಾಪತಿ ಅಂದರೆ ಬಳ್ಳಾರಿಯ ಕಾಲೇಜಿನಲ್ಲಿ ಗಣಿತ ಕಲಿಸುವವನು, ಮೇಷ್ಟ್ರ ಶಿಷ್ಯ. ತಂದೆಯಿಲ್ಲದ ಹುಡುಗನೆಂದು ನಾಲ್ಕು ವರ್ಷ ಈ ಮನೆಯಲ್ಲೇ ಇಟ್ಟುಕೊಂಡು ಅನ್ನ ಹಾಕಿ ಓದಿಸಿದ್ದರು. ಬುಧವಾರ ಮಣ್ಣಿಗೆ ಬಂದಾಗ ಅವನ ಅಳು ನೋಡಲಾಗಲಿಲ್ಲ ಎಂದು ಗುರುಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೊರಡುವ ಮುನ್ನ ಚನ್ನವೀರಮ್ಮ ಹುಲುಗೇಶನ ಅಂಗಿಯನ್ನು ತರಿಸಿ ನೋಡಿದರು. ತೋಳಿನ ಅಂಚಿಗೂ ಎದೆಗೂ ಕಲೆ ಮೆತ್ತಿಕೊಂಡಿತ್ತು. ಬಟ್ಟೆಯನ್ನು ತಿರುವಿ ಒಳಮೈ ನೋಡಿ ಹಾಗೆಯೇ ಕೊಟ್ಟುಬಿಟ್ಟರು.

ಪಂಪಾಪತಿ ಹೆಂಡತಿಯ ತವರಾದ ಸಿರುಗುಪ್ಪದಲ್ಲಿದ್ದಾನೆ ಎಂದು ತಿಳಿದು ಕಾರು ಆ ಕಡೆ ಹೊರಟಿತು. ದಾರಿಯುದ್ದಕ್ಕೂ ಭತ್ತದ ಗದ್ದೆ. ಕೊಟ್ಟೂರಪ್ಪ ಹತ್ತು ಮೈಲಿ ಓಡಿಸಿ ಕಾರನ್ನು ಪಕ್ಕಕ್ಕೆ ನಿಲ್ಲಿಸಿದ.

“ಅಮ್ಮಾರ, ಆ ಅಂಕಿ ಅವ್ರು ಬರೆದಿದ್ದಲ್ರಿ.”

ಚನ್ನವೀರಮ್ಮ ಅವನ ಕಡೆ ತಿರುಗಿದರು.

ಅವನು ರಸ್ತೆಯ ಬದಿಯ ಮಣ್ಣಿನಲ್ಲಿ ಕೂತು ಬೆರಳಿನಿಂದ ಬರೆದು ತೋರಿಸಿದ. ಮೇಷ್ಟ್ರು ಕಲಿಸಿದ್ದ ಉಪಾಯ. ಒಂಬತ್ತು ಅಂಕಿಯನ್ನು ಮೂರು ಮೂರಾಗಿ ಮೂರು ಮನೆ ಮಾಡಬೇಕು: ಮುಂದಿನ ಮನೆ, ನಡುಮನೆ, ಹಿತ್ತಿಲ ಮನೆ. ಮುಂದಿನದಕ್ಕೆ ಹಿತ್ತಿಲದ್ದನ್ನು ಕೂಡಿಸಿದರೆ ನಡುಮನೆ ಬರಬೇಕು. ಬಂದರೆ ಏಳು, ಹನ್ನೊಂದು, ಹದಿಮೂರು ಮೂರಕ್ಕೂ ಆ ಸಂಖ್ಯೆ ಸರಿಯಾಗಿ ಭಾಗವಾಗುತ್ತದೆ. ಯಾಕೆಂದರೆ ಆ ಮೂರನ್ನು ಗುಣಿಸಿದರೆ ಸಾವಿರದ ಒಂದು.

“ಇನ್ನೂರ ಮೂವತ್ತೆರಡಕ್ಕ ಐದುನೂರ ಅರವತ್ತು ಕೂಡಿಸ್ರಿ. ಏಳುನೂರ ತೊಂಬತ್ತೆರಡು. ಹಲಗಿ ಮ್ಯಾಲ ನಡುಮನಿಯಾಗ ಒಂಬೈನೂರ ಎಪ್ಪತ್ತೆರಡು ಐತಿ. ಏಳು, ಒಂಬತ್ತು ಹಿಂದ ಮುಂದ ಆಗ್ಯಾವು.”

“ಅದಕ್ಕ ಕೂಡಿದ್ರ ಮೂವತ್ತಾರೇ ಬರತೈತಿ,” ಎಂದರು ಚನ್ನವೀರಮ್ಮ ನಿಧಾನವಾಗಿ. “ಎರಡಕ್ಕ, ಐದಕ್ಕ, ಒಂಬತ್ತಕ್ಕ ಭಾಗಿಸಿದ್ರೂ ಸರಿನ ಇರತೈತಿ. ಏಳಕ್ಕ ಹೋದ್ರ ಸಿಕ್ಕಿ ಬೀಳತೈತಿ.”

“ವಯಸ್ಸಾಗಿತ್ತು, ಕೈ ತಪ್ಪಿರಬಹುದು ಅಂತ ನಾನೂ ಅಂದ್ಕೊಂಡೆ. ಆದ್ರ ಬರದ ಮ್ಯಾಲ ಮೂರು ಮನಿ ಕೂಡಿಸಿ ನೋಡದ ಸೀಮೆಸುಣ್ಣ ಕೆಳಗ ಇಡ್ತಿದ್ದಿಲ್ಲ ಅವ್ರು. ನಾ ನೋಡೀನಿ.”

ಹೇಳಿ ಮುಗಿಸಿದ ಮೇಲೆ ಅವನು ಕೈಗೆ ಹತ್ತಿದ ಮಣ್ಣು ಕೊಡವಿಕೊಂಡ. ಒಳಗೆ ಹೆಣ ಬಿದ್ದಿರುವಾಗ ಜಗುಲಿಯಲ್ಲಿ ನಿಂತು ಯಾರೋ ಮೇಷ್ಟ್ರ ಅಂಕಿಯನ್ನು, ಮೇಷ್ಟ್ರ ಸೀಮೆಸುಣ್ಣದಲ್ಲಿ, ಮೇಷ್ಟ್ರ ಕೈಯಂತೆಯೇ ಬರೆದಿದ್ದರು. ಏಳಕ್ಕೆ ನಡು ಗೀಟು ಹಾಕುವುದು ಅವರ ಕೈಯಲ್ಲಿ ಕಲಿತವರಿಗೆ ಮಾತ್ರ ಬರುತ್ತಿತ್ತು. ಹುಲುಗೇಶನೂ ಅವರಲ್ಲಿ ಒಬ್ಬ.

ಸಿರುಗುಪ್ಪದಲ್ಲಿ ಪಂಪಾಪತಿಯ ಮಾವನ ಹೊಸ ಮನೆಯ ಬಾಗಿಲಿಗೆ ಮಾವಿನ ತೋರಣ ಇನ್ನೂ ಹಸಿಯಾಗಿತ್ತು. ಮಂಗಳವಾರ ನಸುಕಿನ ನಾಲ್ಕಕ್ಕೆ ಅಲ್ಲಿ ಗೃಹಪ್ರವೇಶ ಆಗಿತ್ತು. ಪಂಪಾಪತಿ ನಲವತ್ತಾರರ ಸುಮಾರಿನವನು, ಕನ್ನಡಕ, ಮೆತ್ತನೆಯ ಮಾತು. ಚನ್ನವೀರಮ್ಮನವರ ಕಾಲಿಗೆ ಬಾಗಿದ. ಮೇಷ್ಟ್ರ ಹೆಸರು ಬರುತ್ತಲೇ ಅತ್ತುಬಿಟ್ಟ. ತಿಂಗಳ ಮೇಲಾಯಿತು ಕುರುಗೋಡಿಗೆ ಹೋಗಿರಲಿಲ್ಲ, ಕೊನೆಗೆ ಹೋದದ್ದು ಮಣ್ಣು ಕೊಡುವುದಕ್ಕೆ ಎಂದ. ಪುಸ್ತಕ ಬಳ್ಳಾರಿಯ ಪ್ರೆಸ್ಸೊಂದರಲ್ಲಿ ಅಚ್ಚಿಗೆ ಹೋಗಿದೆ, ಗುರುಗಳು ಅದನ್ನು ನೋಡದೆ ಹೋದರು ಎಂದು ಮುಖ ತಿರುಗಿಸಿದ. ಅವನ ಮಾವ ಪಾನಕದ ಲೋಟ ಕೊಡುತ್ತ, ಅಳಿಯಂದಿರು ಸೋಮವಾರ ರಾತ್ರಿ ಹನ್ನೊಂದಕ್ಕೆ ಬಂದವರು ಮರುದಿನ ಮಧ್ಯಾಹ್ನದ ತನಕ ಹೋಮದ ಮುಂದಿನಿಂದ ಏಳಲಿಲ್ಲ, ಇನ್ನೂರು ಜನ ನೋಡಿದ್ದಾರೆ ಎಂದು ಹೆಮ್ಮೆಯಿಂದ ಹೇಳಿದ.

ಮರುದಿನ ಚನ್ನವೀರಮ್ಮ ಆ ಪ್ರೆಸ್ಸಿಗೆ ಹೋದರು. ಕಂಪ್ಯೂಟರಿನ ಮುಂದಿದ್ದ ಸುಧಾರಾಣಿ ಎಂಬ ಹುಡುಗಿ ಮುಖಪುಟದ ಕರಡು ಪ್ರತಿಯೊಂದನ್ನು ತೆಗೆದುಕೊಟ್ಟಳು. ಇಂಥದೇ ಇನ್ನೊಂದನ್ನು ಪ್ರೊಫೆಸರು ಸೋಮವಾರ ಮಧ್ಯಾಹ್ನ ಒಯ್ದಿದ್ದಾರೆ; ತಾನು ಏನನ್ನೂ ಬದಲಿಸಿಲ್ಲ, ಅವರು ಫೋನಿನಿಂದ ಕಳಿಸಿದ್ದನ್ನು ಹಾಗೆಯೇ ಕೂರಿಸಿದ್ದು ಎಂದಳು. ಕಾರಿಗೆ ಬಂದು ಚನ್ನವೀರಮ್ಮ ಆ ಹಾಳೆಯನ್ನು ಕೊಟ್ಟೂರಪ್ಪನ ಕೈಗಿಟ್ಟರು. ಅವನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ. ಮೇಲೆ ದೊಡ್ಡದಾಗಿ ಸಂಖ್ಯೆ. ಕೆಳಗೆ ಬರೆದವರ ಹೆಸರು: ಡಾ. ಪಂಪಾಪತಿ.

ಇನ್ನೊಮ್ಮೆ ಓದಿದ. ಹೆಸರು ಬದಲಾಗಲಿಲ್ಲ. ಮೇಷ್ಟ್ರ ಹೆಸರು ಎಲ್ಲಿ ಎಂದು ಹಾಳೆ ತಿರುಗಿಸಿ ನೋಡಿದ; ಹಿಂದುಗಡೆ ಸಣ್ಣ ಅಕ್ಷರದಲ್ಲಿ, ನೆರವಾದ ಏಳೆಂಟು ಮಂದಿಯ ಸಾಲಿನಲ್ಲಿ, ನಾಲ್ಕನೆಯದಾಗಿ ಇತ್ತು.

“ಇಂಥಾದ್ದು ಮಾಡಿದವ ಅಷ್ಟು ಅಳತಾನೇನ್ರಿ?” ಎಂದ.

“ನೀ ಹೆಸರು ಅಷ್ಟ ನೋಡಿದಿ, ಕೊಟ್ಟೂರಪ್ಪಣ್ಣ,” ಎಂದು ಚನ್ನವೀರಮ್ಮ ಹಾಳೆ ಮಡಿಚಿ ಚೀಲಕ್ಕೆ ಹಾಕಿಕೊಂಡರು. ಆಮೇಲೆ ಎರ್ರಿಸ್ವಾಮಿಗೆ ಫೋನು ಮಾಡಿ ಏನನ್ನೋ ತರಿಸಲು ಹೇಳಿದರು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಮೇಷ್ಟ್ರ ಪಡಸಾಲೆಯಲ್ಲಿ ಸೇರಿದರು. ಹುಲುಗೇಶನನ್ನು ಇಬ್ಬರು ಪೇದೆಗಳು ಕರೆತಂದಿದ್ದರು. ನಾಲ್ಕು ದಿನದಲ್ಲಿ ಗಲ್ಲ ಒಳಗೆ ಹೋಗಿತ್ತು. ಜ್ಯೋತಿಲಕ್ಷ್ಮಿ ಗೋಡೆ ಹಿಡಿದು ನಿಂತಿದ್ದಳು. ಗುರುಬಸಮ್ಮ, ಸುಧಾರಾಣಿ ಚಾಪೆಯ ಮೇಲೆ. ಪಂಪಾಪತಿ ಬಂದವನೇ ಮೇಷ್ಟ್ರ ಮಂಚಕ್ಕೆ ಕೈ ಮುಗಿದು ಕೂತ. ಜಗುಲಿಯ ಹಲಗೆಯನ್ನು ಒಳಗೆ ತಂದು ಬಟ್ಟೆ ಮುಚ್ಚಿಟ್ಟಿದ್ದರು.

ಕೈಬರಹ ಹೋಲಿಸಬೇಕಾಗಿದೆ, ಬರಹ ಬರುವವರು ಮೇಷ್ಟ್ರ ಸಂಖ್ಯೆಯನ್ನು ಹಾಳೆಯ ಮೇಲೆ ಬರೆದು ಕೊಡಿ ಎಂದರು ಚನ್ನವೀರಮ್ಮ. ಹುಲುಗೇಶ ನೆಲದ ಮೇಲೆ ಕೂತು ಬರೆದ. ಪಂಪಾಪತಿ ಜೇಬಿನ ಪೆನ್ನು ತೆಗೆದು ಬರೆದ. ಬರಹ ಬಾರದ ಗುರುಬಸಮ್ಮ ಬಾಯಲ್ಲೇ ಹೇಳಿದಳು, ಕೋಟಿ, ಲಕ್ಷ, ಸಾವಿರ ಎಂದು ಹಾಡಿನಂತೆ. ಹಾಳೆಗಳನ್ನು ನೋಡಿ ಚನ್ನವೀರಮ್ಮ ತೊಡೆಯ ಮೇಲಿಟ್ಟುಕೊಂಡರು.

“ಎರ್ರಿಸ್ವಾಮಿ, ನೀ ಹಲಗಿ ನಂಬಿದಿ. ನಿನ್ನ ತಪ್ಪಲ್ಲ, ಹಲಗಿ ನಂಬೋದು ಈ ಓಣಿಯವರ ರೂಢಿ. ಕೊಂದವನೂ ಅದನ್ನೇ ನೆಚ್ಚಿಕೊಂಡಿದ್ದ.”

ಅವರು ಒಂದೊಂದಾಗಿ ಬಿಡಿಸಿ ಹೇಳಿದರು. ಮಂಗಳವಾರ ಓಣಿಗೆ ಮೆಣಸಿನಕಟ್ಟಿಗೆಯ ಹೊಗೆ ಬರಲಿಲ್ಲ. ಒಲೆ ಉರಿಯದಿದ್ದರೆ ಸ್ನಾನವಿಲ್ಲ, ಸ್ನಾನವಿಲ್ಲದೆ ಮೇಷ್ಟ್ರು ಸೀಮೆಸುಣ್ಣ ಮುಟ್ಟುವುದಿಲ್ಲ. ಆದರೂ ಹಲಗೆ ತುಂಬಿತ್ತು. ಇನ್ನು ಹುಲುಗೇಶನ ಅಂಗಿ. ಆಗಷ್ಟೇ ಹರಿದ ರಕ್ತವಾಗಿದ್ದರೆ ಬಟ್ಟೆಯನ್ನು ತೋಯಿಸಿ ಒಳಮೈಗೆ ಇಳಿಯುತ್ತಿತ್ತು. ಇದು ಆರಿದ ಪಾಕದ ಹಾಗೆ ಮೇಲೆ ಮಾತ್ರ ಅಂಟಿತ್ತು, ಒಳಗೆ ಬಟ್ಟೆ ಬೆಳ್ಳಗಿತ್ತು. ಹಾಗಾದರೆ ಮೇಷ್ಟ್ರು ತೀರಿಹೋದದ್ದು ಬೆಳಿಗ್ಗೆಯಲ್ಲ, ಹಿಂದಿನ ರಾತ್ರಿ, ಓಣಿಯೆಲ್ಲ ಗುಡಿಯಲ್ಲಿದ್ದಾಗ. ಮರುದಿನದ ತಾರೀಖು ಹಾಕಿ ಸಂಖ್ಯೆ ಬರೆದವನು ಬೇರೆ. ಮೇಷ್ಟ್ರು ಬೆಳಗಿನ ತನಕ ಬದುಕಿದ್ದರು ಎನಿಸಿದರೆ ಅವನಿಗೆ ಲಾಭ. ಅಂದರೆ ಬೆಳಿಗ್ಗೆ ತಾನು ಬೇರೆ ಕಡೆ ಇದ್ದೆ ಎಂದು ತೋರಿಸಬಲ್ಲವನು. ಹುಲುಗೇಶನಿಗೆ ಅದರಿಂದ ಕೇಡೇ ಹೊರತು ಲಾಭವಿಲ್ಲ.

ಪಂಪಾಪತಿ ಕನ್ನಡಕ ತೆಗೆದು ಒರೆಸಿಕೊಂಡ.

ಚನ್ನವೀರಮ್ಮ ಹಲಗೆಯ ಬಟ್ಟೆ ಸರಿಸಿ, ಕೊಟ್ಟೂರಪ್ಪ ಹೇಳಿದ ಮೂರು ಮನೆಯ ಲೆಕ್ಕವನ್ನು ಎಲ್ಲರಿಗೂ ತಿಳಿಯುವಂತೆ ಹೇಳಿದರು. ಏಳು, ಒಂಬತ್ತು ಜಾಗ ಬದಲಿಸಿವೆ. ಹುಲುಗೇಶನ ಹಾಳೆಯಲ್ಲಿ ಸಂಖ್ಯೆ ಸರಿಯಾಗಿದೆ. ಗುರುಬಸಮ್ಮನ ಬಾಯಲ್ಲಿ ಸರಿಯಾಗಿದೆ.

“ಪಂಪಾಪತಿ, ನೀನು ಇವತ್ತು ಏಳಕ್ಕ ಗೀಟು ಹಾಕಿಲ್ಲ. ಕೈಬರಹ ಸಿಗಬಾರದು ಅಂತ ಬಿಟ್ಟಿದಿ. ಆದ್ರ ಸಂಖ್ಯೆ ಹಲಗಿ ಮ್ಯಾಲಿಂದೇ ಬರದಿದಿ, ತಪ್ಪು ಸಹಿತ.”

ಹಾಳೆಯನ್ನು ಅವರು ಹಲಗೆಯ ಪಕ್ಕಕ್ಕೆ ಹಿಡಿದರು. 232972560. ಆಮೇಲೆ ಚೀಲದಿಂದ ಪುಸ್ತಕದ ಮುಖಪುಟವನ್ನು ತೆಗೆದು ಅದರ ಪಕ್ಕಕ್ಕೆ ಹಿಡಿದರು. ಅಲ್ಲೂ ಅದೇ. ಕೊಟ್ಟೂರಪ್ಪನಿಗೆ ಆಗ ತಿಳಿಯಿತು, ಕಾರಿನಲ್ಲಿ ತಾನು ನೋಡದೆ ಬಿಟ್ಟದ್ದು ಯಾವುದೆಂದು.

ಸುಧಾರಾಣಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಪಂಪಾಪತಿ ಎದ್ದು ನಿಂತು, ಒಂದು ಅಂಕಿ ಯಾರ ಕೈಯಲ್ಲಾದರೂ ತಪ್ಪಬಹುದು, ಅದರ ಮೇಲೆ ಒಬ್ಬನನ್ನು ಕೊಲೆಗಾರ ಅನ್ನುವುದು ಯಾವ ನ್ಯಾಯ ಎಂದ. ಆಗ ಎರ್ರಿಸ್ವಾಮಿ ತನ್ನ ಕಡತ ತೆರೆದ. ಚನ್ನವೀರಮ್ಮ ಫೋನಿನಲ್ಲಿ ತರಿಸಲು ಹೇಳಿದ್ದು ಅದೇ. ಸೋಮವಾರ ರಾತ್ರಿ ಎಂಟರಿಂದ ಒಂಬತ್ತೂಕಾಲರವರೆಗೆ ಪಂಪಾಪತಿಯ ಮೊಬೈಲು ಕುರುಗೋಡಿನ ಟವರಿಗೆ ಹತ್ತಿತ್ತು. ತಿಂಗಳಿನಿಂದ ಈ ಊರಿಗೆ ಬಂದಿಲ್ಲ ಎಂದು ಅವನೇ ಹೇಳಿದ್ದ.

“ನಂಬಿದ ಎಮ್ಮಿ ಕೋಣ ಈಯ್ತಲ್ಲೋ,” ಎಂದಳು ಗುರುಬಸಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬೆರಗಿತ್ತು. “ಇದೇ ಕಂಬಕ್ಕ ಒರಗಿ ಕುಂತು ಉಂಡಿದ್ದಿ ನೀನು.”

ಆ ಮಾತಿಗೆ ಅವನು ಕುಸಿದು ಕೂತ. ನಿಧಾನವಾಗಿ ಎಲ್ಲ ಹೊರಬಂತು. ಬಡ್ತಿಗೆ ಪುಸ್ತಕವೊಂದು ಬೇಕಿತ್ತು. ಮೇಷ್ಟ್ರಿಗೆ ಹೆಸರಿನ ಆಸೆ ಇಲ್ಲ, ಬೇಡ ಅನ್ನುವುದಿಲ್ಲ ಎಂದುಕೊಂಡ. ನೋಟುಬುಕ್ಕುಗಳನ್ನು ಪೂರ್ತಿ ಓದುವ ತಾಳ್ಮೆಯೂ ಇರಲಿಲ್ಲ. ಬೇರೆಯವರಿಂದ ಬೆರಳಚ್ಚು ಮಾಡಿಸಿ, ಮುಖಪುಟದ ಸಂಖ್ಯೆ ಒಂದನ್ನು ಮಾತ್ರ ಬಸ್ಸಿನಲ್ಲಿ ಕೂತು ತಾನೇ ಫೋನಿನಲ್ಲಿ ಒತ್ತಿ ಕಳಿಸಿದ. ಸಿರುಗುಪ್ಪಕ್ಕೆ ಹೋಗುವ ದಾರಿಯಲ್ಲಿ ಆಶೀರ್ವಾದ ಬೇಡಲು ಕರಡು ತಂದು ಮೇಷ್ಟ್ರ ಕೈಗಿಟ್ಟ. ಅವರು ದೀಪದ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಏನಂದ್ರು?” ಎಂದರು ಚನ್ನವೀರಮ್ಮ.

“ನಕ್ಕರು.” ಪಂಪಾಪತಿಯ ದನಿ ಕೇಳಿಸದಷ್ಟು ಸಣ್ಣಗಾಗಿತ್ತು. “ಇದನ್ನ ಏಳರಿಂದ ಭಾಗಿಸಿ ತೋರಸಪ್ಪ, ಆಮ್ಯಾಲ ಹೆಸರಿನ ಮಾತು ಆಡೋಣ ಅಂದ್ರು. ಇಷ್ಟು ಓದಿದವನಿಗೆ ಸಾಲಿ ಹುಡುಗನ್ನ ಕೇಳಿದಂಗ ಭಾಗಾಕಾರ ಕೇಳ್ತಾರ, ಕಳ್ಳ ಅಂತ ನೇರ ಬೈಯದ ಚುಚ್ಚತಾರ ಅಂತ ನನಗ ಕಣ್ಣು ಕತ್ತಲಿ ಬಂತು. ಸೀಮೆಸುಣ್ಣ ಕೈಗೆ ಕೊಡಾಕ ಬಂದ್ರು. ತಳ್ಳಿಬಿಟ್ಟೆ.”

ಮುಂದಿನದು ಭಯ ಮಾಡಿಸಿದ ಕೆಲಸ. ಸಂಖ್ಯೆ ತನಗೆ ನೆನಪಿಲ್ಲ ಎಂದು ಹಲಗೆಯ ಮುಂದೆ ನಿಂತಾಗಲೇ ಅವನಿಗೆ ಗೊತ್ತಾದದ್ದು. ಕೈಯಲ್ಲಿದ್ದ ಮುಖಪುಟವನ್ನು ನೋಡಿ ಬರೆದ. ಆಮೇಲೆ ಅದನ್ನೇ ಸರಿ ಎಂದು ಕಂಠಪಾಠ ಮಾಡಿಕೊಂಡ.

ಚನ್ನವೀರಮ್ಮ ನೆಲದ ಮೇಲಿದ್ದ ಸೀಮೆಸುಣ್ಣವನ್ನು ಎತ್ತಿ ಅವನ ಮುಂದೆ ಹಿಡಿದರು. ಅವನು ಎದ್ದ. ಹಲಗೆಯ ಮುಂದೆ ನಿಂತು, ತಾನೇ ಬರೆದಿದ್ದ ಸಂಖ್ಯೆಯ ಪಕ್ಕದಲ್ಲಿ ಏಳು ಬರೆದು ಭಾಗಿಸತೊಡಗಿದ. ಏಳು ಮೂರಲಿ ಇಪ್ಪತ್ತೊಂದು, ಉಳಿದದ್ದು ಎರಡು, ಎಂದು ಸಾಲೆಯ ಹುಡುಗನ ಹಾಗೆ ಬಾಯಲ್ಲಿ ಗುಣುಗುಣು ಎನ್ನುತ್ತಿದ್ದ. ಒಂದೊಂದೇ ಅಂಕಿ ಕೆಳಗಿಳಿಯಿತು. ಕೊನೆಯ ಸೊನ್ನೆಯೂ ಇಳಿಯಿತು. ಕೆಳಗೆ ಎರಡು ಉಳಿಯಿತು. ಆ ಎರಡನ್ನೇ ನೋಡುತ್ತ ನಿಂತ. ಗುರುಗಳು ಅಂದು ಚುಚ್ಚಿದ್ದಲ್ಲ, ತಪ್ಪು ತೋರಿಸುತ್ತಿದ್ದರು ಎಂಬುದು ಅವನ ಮುಖದ ಮೇಲೆ ಮೂಡುವುದನ್ನು ಕೊಟ್ಟೂರಪ್ಪ ಕಂಡ. ಅಂಥ ಮುಖವನ್ನು ಇಷ್ಟು ವರ್ಷದ ಪೊಲೀಸು ಚಾಕರಿಯಲ್ಲಿ ಅವನು ನೋಡಿರಲಿಲ್ಲ.

ಪೇದೆಗಳು ಪಂಪಾಪತಿಯನ್ನು ಹೊರಗೆ ಕರೆದೊಯ್ದರು. ಎರ್ರಿಸ್ವಾಮಿ ಹುಲುಗೇಶನ ಹತ್ತಿರ ಬಂದು, ಕಾಗದಪತ್ರ ತಾನು ನೋಡಿಕೊಳ್ಳುತ್ತೇನೆ, ನೀನು ಮನೆಗೆ ಹೋಗಬಹುದು ಎಂದ. ಅವನ ಭುಜದ ಮೇಲೆ ಕೈ ಇಡಲು ಹೋಗಿ ಇಡಲಿಲ್ಲ. ಜ್ಯೋತಿಲಕ್ಷ್ಮಿ ಬಂದು ಗಂಡನ ರಟ್ಟೆ ಹಿಡಿದಳು. ಹುಲುಗೇಶ ಕದಲಲಿಲ್ಲ. ಕೊಟ್ಟೂರಪ್ಪನ ಕಡೆ ನೋಡಿದ.

“ಅಣ್ಣಾ, ಬುಧವಾರ ನಾ ಠಾಣೆ ಒಳಗ ಇದ್ದೆ. ಒಂದು ಹಿಡಿ ಮಣ್ಣು ಹಾಕಾಕ ಆಗಲಿಲ್ಲ. ಎಲ್ಲಿ ಇಟ್ಟಾರ ಅವ್ರನ್ನ?”

ಕೊಟ್ಟೂರಪ್ಪನಿಗೂ ಗೊತ್ತಿರಲಿಲ್ಲ. ಗುರುಬಸಮ್ಮ ಎದ್ದು ಸೆರಗು ಸರಿಮಾಡಿಕೊಂಡು, ನಾ ತೋರಸ್ತೀನಿ ಬರ್ರಿ ಎಂದಳು. ಕೊಟ್ಟೂರಪ್ಪ ಕಾರಿನ ಹಿಂದಿನ ಬಾಗಿಲು ತೆರೆದು ಹಿಡಿದ. ಮೂವರೂ ಕೂತರು. ಚನ್ನವೀರಮ್ಮ ತಾನು ಜಗುಲಿಯಲ್ಲೇ ಇರುತ್ತೇನೆ, ಹೋಗಿ ಬನ್ನಿ ಎಂದು ಕೈ ಮಾಡಿದರು.